ತಲೆಕೆಳಗಾದ ಗುರುತ್ವ

ಉಕ್ಕಿನ ಮೈಯ ಯಂತ್ರಮಾನವನೊಂದು ಇಕ್ಕಟ್ಟಾದ ಓಣಿಯಲ್ಲಿ ನಿಂತಿದೆ. ಎದುರಿನಿಂದ ಶತ್ರುಯಂತ್ರವೊಂದು ಗುಂಡು ಹಾರಿಸುತ್ತಿದೆ. ಆಡುವವನು ಮೇಲ್ದಿಕ್ಕಿನ ಗುಂಡಿಯನ್ನೂ ನೆಗೆತದ ಗುಂಡಿಯನ್ನೂ ಒಟ್ಟಿಗೆ ಒತ್ತಿದೊಡನೆ ನಮ್ಮ ಯಂತ್ರಮಾನವ ಚಾವಣಿಗೆ ಬೀಳುತ್ತದೆ. ಹಾರಿತು ಎನ್ನಲಾಗದು, ಬಿದ್ದಿತು ಎಂದೇ ಹೇಳಬೇಕು. ಏಕೆಂದರೆ ಅಲ್ಲಿ ಅದು ತಲೆಕೆಳಗಾಗಿ ನಿಂತು, ನೆಲದ ಮೇಲೆ ನಡೆದಷ್ಟೇ ಸಲೀಸಾಗಿ ನಡೆಯತೊಡಗುತ್ತದೆ.

ಈ ಆಟದ ಹೆಸರು 'ಮೆಟಲ್ ಸ್ಟಾರ್ಮ್'. ಜಪಾನಿನ ಐರೆಮ್ ಸಂಸ್ಥೆಯು ಇದನ್ನು ನಿಂಟೆಂಡೊ ಯಂತ್ರಕ್ಕಾಗಿ ರಚಿಸಿ, ೧೯೯೧ರಲ್ಲಿ ಅಮೆರಿಕದಲ್ಲಿಯೂ ಮರುವರ್ಷ ಜಪಾನಿನಲ್ಲಿಯೂ ಬಿಡುಗಡೆ ಮಾಡಿತು. ಅದೇ ಯಂತ್ರದ 'ಮಾರಿಯೊ'ವನ್ನು ಅರಿಯದ ಬಾಲಕರು ವಿರಳ; ಇದನ್ನು ಬಲ್ಲವರು ಇನ್ನೂ ವಿರಳ. ಭೌತವಿಜ್ಞಾನದ ವಿದ್ಯಾರ್ಥಿಗೆ ಮಾತ್ರ ಇದೇ ಹೆಚ್ಚು ಸ್ವಾರಸ್ಯವಾದುದೆಂದು ನಮ್ಮ ಎಣಿಕೆ.

ಕಥೆ ಕ್ರಿ.ಶ. ೨೫೦೧ರದು. ಭೂಮಿಯ ರಕ್ಷಣೆಗೆಂದು ಪ್ಲೂಟೋವಿನ ಮೇಲೆ ಕಟ್ಟಿದ ಮಹಾಲೇಸರ್ ಆಯುಧ ಕೆಟ್ಟು, ನೆಪ್ಚೂನನ್ನು ಪುಡಿಗಟ್ಟಿ, ಭೂಮಿಯತ್ತ ಗುರಿಯಿಟ್ಟಿದೆ. ಅದು ತನ್ನನ್ನು ತಾನೇ ನಾಶಮಾಡಿಕೊಳ್ಳುವ ವ್ಯವಸ್ಥೆಯೂ ಕೆಟ್ಟಿದೆ. ಒಳಹೊಕ್ಕು ಅದನ್ನು ಚಾಲೂ ಮಾಡಿಬರುವುದು 'ಎಂ-೩೦೮ ಗನ್ನರ್' ಎಂಬ ಈ ಯಂತ್ರಮಾನವನ ಕೆಲಸ. ನೆಪ್ಚೂನನ್ನು ಪುಡಿಗಟ್ಟಲು ಎಷ್ಟು ಶಕ್ತಿ ಬೇಕು? ಗ್ರಹದ ಕಣಕಣವನ್ನೂ ಅದರ ಗುರುತ್ವದ ಹಿಡಿತದಿಂದ ಬಿಡಿಸಿ ದೂರ ಒಯ್ಯಲು ಕಡಿಮೆಯೆಂದರೂ ೧೭ರ ಮುಂದೆ ೩೩ ಸೊನ್ನೆಗಳನ್ನಿಟ್ಟಷ್ಟು ಜೂಲ್ ಬೇಕಾಗುತ್ತದೆ. ಸೂರ್ಯನು ಎಲ್ಲ ದಿಕ್ಕುಗಳಿಗೂ ಚೆಲ್ಲುವ ಶಕ್ತಿಯನ್ನೆಲ್ಲ ಹದಿನಾರು ಹದಿನೇಳು ತಿಂಗಳು ಕೂಡಿಟ್ಟರೆ ಅಷ್ಟಾದೀತು! (ಪ್ಲೂಟೋವನ್ನು ಸೌರವ್ಯೂಹದ ಕಟ್ಟಕಡೆಯ ಠಾಣೆಯೆಂದು ಕಥೆಗಾರರು ಆರಿಸಿರಬಹುದು. ಆದರೆ ೧೯೭೯ರಿಂದ ೧೯೯೯ರವರೆಗೆ ಪ್ಲೂಟೋ ಸೂರ್ಯನಿಗೆ ನೆಪ್ಚೂನಿಗಿಂತ ಹತ್ತಿರವಿತ್ತು. ೨೦೦೬ರಲ್ಲಿ ಅದು ಗ್ರಹಪದವಿಯನ್ನೇ ಕಳೆದುಕೊಂಡು ಕುಬ್ಜಗ್ರಹವಾಯಿತು.)

ಆಟ ಬಲು ಕಠಿಣ. ಒಂದೇ ಪೆಟ್ಟಿಗೆ ಗನ್ನರ್ ಸಿಡಿದುಹೋಗುತ್ತದೆ. ದಾರಿಯಲ್ಲಿ ಕವಚ ದೊರೆತಿದ್ದರೆ ಮಾತ್ರ ಇನ್ನೊಂದು ಪೆಟ್ಟನ್ನು ತಾಳೀತು. ನಾವು ಮೊದಲ ಸಲ ಆಡಿದಾಗ ಗುಂಡಿಗಿಂತ ಹೆಚ್ಚಾಗಿ ನಮ್ಮ ಅಭ್ಯಾಸವೇ ನಮ್ಮನ್ನು ಕೊಂದಿತು. ಅಪಾಯ ಬಂದೊಡನೆ ಕೈ ನೆಗೆಯಲು ನೋಡುತ್ತಿತ್ತು, ಬೇಕಾಗಿದ್ದುದು ಬೀಳುವುದು. ಕೆಲವು ಶತ್ರುಯಂತ್ರಗಳೂ ಗುರುತ್ವ ತಿರುಗಿದೊಡನೆ ತಾವೂ ಚಾವಣಿಗೆ ಬೀಳುತ್ತವೆ. ಹಾಗಾಗಿ ತಪ್ಪಿಸಿಕೊಂಡೆವೆಂದು ಹಿಗ್ಗುವಷ್ಟರಲ್ಲಿ ಶತ್ರುವೂ ಪಕ್ಕದಲ್ಲಿ ಬಂದಿಳಿದಿರುತ್ತದೆ.

ಯಂತ್ರದೊಳಗೆ ಈ ಗುರುತ್ವವಾದರೂ ಎಲ್ಲಿಂದ ಬಂತು? ಆ ಯಂತ್ರದ ಗಣಕಕ್ಕಿದ್ದ ಕಾರ್ಯಸ್ಮೃತಿ ಕೇವಲ ೨,೦೪೮ ಬೈಟು. ಗುಣಾಕಾರಕ್ಕೆ ಪ್ರತ್ಯೇಕ ಆದೇಶ ಕೂಡ ಅದರಲ್ಲಿರಲಿಲ್ಲ. ಪರದೆಯ ಮೇಲೆ ಸೆಕೆಂಡಿಗೆ ಸುಮಾರು ೬೦ ಚಿತ್ರಗಳು ಮೂಡುತ್ತಿದ್ದವು. ಇಂತಹ ಆಟಗಳಲ್ಲಿ ಸಾಮಾನ್ಯವಾಗಿ ಅನುಸರಿಸುವ ಉಪಾಯ ಇದು: ಒಂದೊಂದು ಚಿತ್ರಕ್ಕೂ ವೇಗಕ್ಕೆ ಒಂದು ಸಣ್ಣ ಸಂಖ್ಯೆಯನ್ನು ಕೂಡಿಸುವುದು, ಆ ವೇಗವನ್ನು ಸ್ಥಾನಕ್ಕೆ ಕೂಡಿಸುವುದು. ಸಂಖ್ಯೆ ೧ ಆಗಿರಲಿ. ವೇಗ ೧, ೨, ೩, ೪ ಎಂದು ಏರುತ್ತದೆ. ಬಿದ್ದ ದೂರ ೧, ೩, ೬, ೧೦ ಎಂದು ಬೆಳೆಯುತ್ತದೆ. ಹತ್ತು ಚಿತ್ರಗಳಾದ ಮೇಲೆ ದೂರ ೫೫. ಇಪ್ಪತ್ತಾದ ಮೇಲೆ ೨೧೦. ಕಾಲ ಇಮ್ಮಡಿಯಾದಾಗ ದೂರ ಸುಮಾರು ನಾಲ್ಕು ಪಟ್ಟಾಯಿತು. ಗೆಲಿಲಿಯೋ ಇಳಿಜಾರಿನಲ್ಲಿ ಗುಂಡುಗಳನ್ನುರುಳಿಸಿ ಕಂಡುಕೊಂಡ ನಿಯಮವೇ ಬರಿಯ ಕೂಡಿಕೆಯಿಂದ ಇಲ್ಲಿ ಮೂಡಿಬಂದಿದೆ. ಗುರುತ್ವವನ್ನು ತಲೆಕೆಳಗು ಮಾಡಲು ೧ರ ಹಿಂದೆ ಋಣಚಿಹ್ನೆಯನ್ನು ಇಟ್ಟರಾಯಿತು.

ಪ್ಲೂಟೋವಿನ ನಿಜವಾದ ಗುರುತ್ವವನ್ನೇ ಬಳಸಿದ್ದರೆ ಆಟ ಕೆಡುತ್ತಿತ್ತು. ಅಲ್ಲಿ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ ೦.೬೨ ಮೀಟರ್ ಮಾತ್ರ. ಐದು ಮೀಟರ್ ಬೀಳಲು ಭೂಮಿಯಲ್ಲಿ ಒಂದು ಸೆಕೆಂಡು ಸಾಕಾದರೆ, ಅಲ್ಲಿ ನಾಲ್ಕು ಸೆಕೆಂಡು ಬೇಕು. ಅಷ್ಟು ಹೊತ್ತು ಗಾಳಿಯಲ್ಲಿ ತೇಲುವ ಗನ್ನರನ್ನು ಶತ್ರುಗಳು ಬಿಟ್ಟಾರೆಯೇ?

ಇನ್ನು ಮುಖ್ಯ ಪ್ರಶ್ನೆ. ಋಣಚಿಹ್ನೆಯನ್ನು ಪ್ರಕೃತಿಯಲ್ಲಿ ಇಡಲಾದೀತೆ? ಗನ್ನರಿನ ತೂಕ ಒಂದು ಸಾವಿರ ಕಿಲೋಗ್ರಾಂ, ಓಣಿಯ ಎತ್ತರ ಐದು ಮೀಟರ್, ಗುರುತ್ವ ಭೂಮಿಯದೆಂದು ಇಟ್ಟುಕೊಳ್ಳೋಣ. ಚಾವಣಿಗೆ ಬಿದ್ದಾಗ ಅದಕ್ಕೆ ೪೯,೦೦೦ ಜೂಲ್ ಚಲನಶಕ್ತಿ ದೊರೆಯುತ್ತದೆ. ಗುರುತ್ವವನ್ನು ಮತ್ತೆ ತಿರುಗಿಸಿದರೆ ನೆಲಕ್ಕೆ ಬೀಳುವಾಗ ಮತ್ತಷ್ಟು. ಗುಂಡಿಯೊತ್ತಲು ಏನೂ ಖರ್ಚಿಲ್ಲವೆಂದಾದರೆ, ಇದಕ್ಕೊಂದು ಡೈನಮೋ ಕಟ್ಟಿ ಊರಿಗೆಲ್ಲ ಬಿಟ್ಟಿ ವಿದ್ಯುತ್ತನ್ನು ಕೊಡಬಹುದು! ಶಕ್ತಿಯ ನಿತ್ಯತ್ವ ಇದಕ್ಕೆ ಎಡೆಗೊಡದು. ತಿರುಗಿಸುವಾಗಲೆಲ್ಲ ಯಾರೋ ಆ ಶಕ್ತಿಯ ಬೆಲೆ ತೆರಲೇಬೇಕು.

ಬೆಲೆ ತೆತ್ತು ತಿರುಗಿಸುವ ಒಂದು ಪ್ರಾಮಾಣಿಕ ದಾರಿ ಉಂಟು. ಲಿಫ್ಟೊಂದಕ್ಕೆ ರಾಕೆಟ್ಟು ಕಟ್ಟಿ, ಗುರುತ್ವದ ಇಮ್ಮಡಿ ವೇಗೋತ್ಕರ್ಷದಿಂದ ಕೆಳಕ್ಕೆ ತಳ್ಳಿರಿ. ಒಳಗಿನವರಿಗಿಂತ ಚಾವಣಿಯೇ ಬೇಗ ಕೆಳಗಿಳಿಯುವುದರಿಂದ ಅವರು ಚಾವಣಿಯ ಮೇಲೆ ತಮ್ಮ ಮಾಮೂಲು ತೂಕದೊಡನೆ ನಿಲ್ಲುವರು. ಅವರೊಡನೆ ಅವರ ಚಹದ ಲೋಟವೂ ಶತ್ರುಗಳೂ ಚಾವಣಿಗೆ ಸೇರುತ್ತಾರೆ. ಶತ್ರುವೂ ಜೊತೆಗೆ ಬೀಳುವ ಘಟ್ಟಗಳಲ್ಲಿ ಆಟವು ಭೌತವಿಜ್ಞಾನಕ್ಕೆ ಹೆಚ್ಚು ನಿಷ್ಠವಾಗಿದೆ.

ಒಂದು ವಸ್ತು ಮಾತ್ರ ತಾನಾಗಿ ಮೇಲಕ್ಕೆ ಬೀಳಬಹುದೆ? ಪ್ರತಿದ್ರವ್ಯದ ಬಗ್ಗೆ ಈ ಸಂಶಯ ಬಹುಕಾಲ ಉಳಿದಿತ್ತು. ವಿದ್ಯುದಂಶವುಳ್ಳ ಕಣಗಳಲ್ಲಿ ಇದನ್ನು ಅಳೆಯುವುದು ಕಷ್ಟ. ಅತ್ಯಲ್ಪ ವಿದ್ಯುದ್ಬಲವೂ ಗುರುತ್ವವನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಆಲ್ಫಾ ತಂಡದವರು ಪ್ರತಿಪ್ರೋಟಾನು, ಪಾಸಿಟ್ರಾನುಗಳನ್ನು ಕೂಡಿಸಿ ವಿದ್ಯುದಂಶವಿಲ್ಲದ ಪ್ರತಿಹೈಡ್ರೊಜನ್ ಪರಮಾಣುಗಳನ್ನು ಮಾಡಿದರು. ಅವುಗಳನ್ನು ನೆಟ್ಟಗೆ ನಿಲ್ಲಿಸಿದ ಕೊಳವೆಯೊಂದರಲ್ಲಿ ಕಾಂತಕ್ಷೇತ್ರದಿಂದ ಹಿಡಿದಿಟ್ಟು, ಮೇಲಿನ ಮತ್ತು ಕೆಳಗಿನ ಕಾಂತದ ಬಾಗಿಲುಗಳನ್ನು ಮೆಲ್ಲನೆ ತೆರೆದರು. ಸುಮಾರು ಶೇಕಡ ೮೦ ಪರಮಾಣುಗಳು ಕೆಳಬಾಗಿಲಿನಿಂದಲೇ ಹೊರಬಿದ್ದವು. ೨೦೨೩ರಲ್ಲಿ ಪ್ರಕಟವಾದ ಲೆಕ್ಕದಂತೆ ಅವುಗಳ ವೇಗೋತ್ಕರ್ಷ ಸಾಮಾನ್ಯ ಗುರುತ್ವದ ೦.೭೫ರಷ್ಟು, ಹೆಚ್ಚುಕಡಿಮೆಯಾಗಬಹುದಾದ ಅಂತರ ಸುಮಾರು ೦.೨. ಅದು ನಿಖರವಾಗಿ ಒಂದೇ ಎಂಬುದನ್ನು ಮುಂದಿನ ಅಳತೆಗಳು ಹೇಳಬೇಕು. ಗನ್ನರಿಗೆ ಬೇಕಾದ ಋಣ ಒಂದಂತೂ ಅಲ್ಲ.