ಊರಮನೆಯ ಒಲೆಗೂಡು

ತಾಯಿಯ ಕೆಮ್ಮಿಗೆ ಮುಂಬಯಿಯಿಂದ ಔಷಧ ಕಳುಹಿಸುವ ನಾವು, ಆಕೆ ದಿನವೂ ಕುಳಿತು ಊದುವ ಒಲೆಯ ಗೂಡನ್ನು ಪರೀಕ್ಷಿಸುವುದು ಅಪರೂಪ. ದುರಸ್ತಿ ಮಾಡಿಸಿದರೂ ಗೂಡಿನ ಒಳಗೋಡೆಗೆ ಸಿಮೆಂಟ್ ಗಾರೆ ಬಳಿಸುತ್ತೇವೆ. ನೋಟಕ್ಕೇನೋ ಚೆಂದ, ಆದರೆ ತೀವ್ರ ಶಾಖಕ್ಕೆ ಸಿಮೆಂಟು ತನ್ನಲ್ಲಿ ಬಂಧಿತವಾದ ನೀರನ್ನು ಕಳೆದುಕೊಂಡು ಬಿರಿಯುತ್ತದೆ. ಉರಿ ತಾಗುವ ಭಾಗವನ್ನು ಶಾಖನಿರೋಧಕ ಇಟ್ಟಿಗೆಯಿಂದ, ಜೇಡಿಮಣ್ಣಿನ ಗಾರೆಯಲ್ಲಿ ಕಟ್ಟಿಸಬೇಕು; ಮರದ ತೊಲೆ ಸಮೀಪವಿರಕೂಡದು. ಹೊಗೆಕೊಳವೆಯು ಬಿರುಕಿಲ್ಲದೆ ಛಾವಣಿಯನ್ನು ದಾಟಿ ಮೇಲೇರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು ರೂಪಿಸಿದ ಒಲೆಯಲ್ಲಿ ಮುಚ್ಚಿದ ಉರಿಗೂಡು, ಜಾಲರಿ, ಹೊಗೆಕೊಳವೆ ಮೂರೂ ಇವೆ. ಕಣ್ಣುರಿಸುವ ಹೊಗೆ ಹೇಗೂ ಕಾಣುತ್ತದೆ. ಅದರೊಡನೆ ಬರುವ ವಿಷಾನಿಲವಾದ ಇಂಗಾಲದ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದುದರಿಂದ ಕೊಳವೆಯಲ್ಲಿ ಕಟ್ಟಿದ ಮಸಿಯನ್ನು ಮಳೆಗಾಲಕ್ಕೆ ಮುನ್ನವೇ ತೆಗೆಸಿರಿ. ಒಲೆ ಉರಿಯುವಾಗ ಕಿಟಕಿ ತೆರೆದಿರಲಿ.