ಒಂದೇ ಪ್ರಶ್ನೆ, ಮೂರು ಉತ್ತರಗಳು

ಶಿವಮೊಗ್ಗೆಯ ಕಡೆಯಿಂದ ಬರುವ ರೈಲುಹಳಿ ತಾಳಗುಪ್ಪದಲ್ಲಿ ಮುಗಿಯುತ್ತದೆ. ಅಲ್ಲಿಳಿದು ಜೋಗಕ್ಕೆ ಧಾವಿಸುವ ಪ್ರವಾಸಿಗರಲ್ಲಿ, ತಾವು ದಾಟಿಬಂದ ಸಾಗರ ಸೀಮೆಯ ಗದ್ದೆಗಳಿಗೂ ಒಂದು ಇತಿಹಾಸವುಂಟೆಂದು ಅರಿತವರು ವಿರಳ. 1951ರಲ್ಲಿ ಇದೇ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗ ನ್ಯಾಯವಾದ ಅಳತೆಯದಾಗಿರಬೇಕೆಂಬುದು ಅವರ ಮುಖ್ಯ ಬೇಡಿಕೆಗಳಲ್ಲೊಂದು. ಅದು ಬೆಳೆದು, ಉಳುವವನೇ ಹೊಲದೊಡೆಯನಾಗಬೇಕೆಂಬ ಕೂಗಾಯಿತು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮೊದಲಾದವರು ಮುಂದಾಳುಗಳಾಗಿದ್ದರು. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು.

ಆ ಕೂಗು ಪೂರ್ಣವಾಗಿ ಕಾಯಿದೆಗಿಳಿಯಲು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಕೆಲವು ವಿನಾಯಿತಿಗಳನ್ನು ಬಿಟ್ಟು, ಗೇಣಿಯಲ್ಲಿದ್ದ ಜಮೀನೆಲ್ಲವೂ ಸರ್ಕಾರಕ್ಕೆ ಸೇರಿತು. ಗೇಣಿದಾರನು ಏಳನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಒಡೆತನವನ್ನು ಪಡೆಯಬೇಕಾಗಿತ್ತು. ತಾಲ್ಲೂಕಿನ ಭೂನ್ಯಾಯಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರರೂ ಸರ್ಕಾರ ನೇಮಿಸಿದ ನಾಲ್ವರೂ ವಿಚಾರಣೆ ನಡೆಸುತ್ತಿದ್ದರು. ವಕೀಲರಿಗೆ ಮೊದಮೊದಲು ಅಲ್ಲಿ ಪ್ರವೇಶವಿರಲಿಲ್ಲ.

ಒಂದು ನೀತಿಯ ಗುಣದೋಷಗಳನ್ನು ತಿಳಿಯಲು ಅದೊಂದನ್ನೇ ನೋಡುತ್ತ ಕುಳಿತರೆ ಸಾಲದು. ಅದೇ ಪ್ರಶ್ನೆಗೆ ಬೇರೆ ನಾಡುಗಳು ಕೊಟ್ಟ ಉತ್ತರವನ್ನು ಪಕ್ಕದಲ್ಲಿಟ್ಟು ನೋಡಬೇಕು. ಜಪಾನು 1946ರಲ್ಲಿ ಭೂಸುಧಾರಣೆಯನ್ನು ಕೈಗೊಂಡಿತು. ಸರ್ಕಾರವೇ ಜಮೀನುದಾರರಿಂದ ಭೂಮಿಯನ್ನು ಕೊಂಡು ಗೇಣಿದಾರರಿಗೆ ಮಾರಿತು. ಅಲ್ಲಿಯ ಗ್ರಾಮಸಮಿತಿಗೆ ಸದಸ್ಯರನ್ನು ಹಳ್ಳಿಗರೇ ಆರಿಸುತ್ತಿದ್ದರು: ಗೇಣಿದಾರರು ಐವರು, ಜಮೀನುದಾರರು ಮೂವರು, ಸ್ವಂತ ಭೂಮಿಯ ಬೇಸಾಯಗಾರರು ಇಬ್ಬರು. ಶೇಕಡ 46ರಷ್ಟಿದ್ದ ಗೇಣಿ ಭೂಮಿ ಕೆಲವೇ ವರ್ಷಗಳಲ್ಲಿ ಶೇಕಡ 10ರ ಆಸುಪಾಸಿಗೆ ಇಳಿಯಿತು. ಆದರೆ ಯುದ್ಧದಲ್ಲಿ ಸೋತು ಅಮೆರಿಕದ ಆಡಳಿತದಲ್ಲಿದ್ದ ದೇಶವದು. ಅಂಥ ಒತ್ತಡ ನಮ್ಮ ಚುನಾಯಿತ ಸರ್ಕಾರಗಳ ಬೆನ್ನಿಗಿರಲಿಲ್ಲ. ಹೋಲಿಸುವಾಗ ಇದನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಪಶ್ಚಿಮ ಬಂಗಾಳದ ದಾರಿ ಬೇರೆ. 1978ರಲ್ಲಿ ಅಲ್ಲಿಯ ಸರ್ಕಾರ ಒಡೆತನವನ್ನು ಕೊಡಹೊರಡಲಿಲ್ಲ. ಪಾಲಿಗೆ ಉಳುವವರ ಹೆಸರುಗಳನ್ನು ದಾಖಲಿಸಿ, ಅವರನ್ನು ಎಬ್ಬಿಸಲಾಗದಂತೆ ಮಾಡಿತು. ಅಧಿಕಾರಿಗಳು ತಾವೇ ಹಳ್ಳಿಗಳಿಗೆ ಹೋಗಿ, ಸಂಜೆ ಸಭೆ ಸೇರಿಸಿ ಹೆಸರು ಬರೆದುಕೊಂಡರು. ಅಲ್ಲಿ ಕಚೇರಿಯೇ ರೈತನ ಬಳಿಗೆ ನಡೆಯಿತು. ನಮ್ಮಲ್ಲಿ ರೈತನೇ ಕಚೇರಿಗೆ ನಡೆಯಬೇಕಾಯಿತು.

ಈ ವ್ಯತ್ಯಾಸ ಸಣ್ಣದಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನೆರೆಯವರಿಗೆ ಏಳನೆಯ ನಮೂನೆಯನ್ನು ತುಂಬಿಕೊಡುತ್ತಿದ್ದೆ. ಅಕ್ಷರ ಬಲ್ಲ ಹುಡುಗನೆಂಬುದೊಂದೇ ನನ್ನ ಅರ್ಹತೆ! ಬಾಯಿಮಾತಿನ ಗೇಣಿ, ಪಹಣಿಯಲ್ಲಿ ಹಲವರ ಹೆಸರೇ ಇಲ್ಲ. ಒಬ್ಬ ಮುದುಕ ಮಾತ್ರ ನಮ್ಮ ಜಗಲಿಯವರೆಗೆ ಬಂದು, ಕಾಗದವನ್ನು ಮುಟ್ಟದೆ ಹಿಂತಿರುಗಿದ. “ಒಡೆಯರ ಮನೆಯ ಅನ್ನ ಉಂಡವನು, ಅವರ ಮೇಲೆ ಅರ್ಜಿ ಬರೆಸಲಾರೆ” ಎಂದ. ಅರ್ಜಿಯ ಅವಧಿ 1979ರ ಜೂನ್ 30ಕ್ಕೆ ಮುಗಿಯಿತು. ಬಂಗಾಳದಂತೆ ಅಧಿಕಾರಿ ಅವನ ಅಂಗಳಕ್ಕೇ ಬಂದಿದ್ದರೆ, ಒಡೆಯರ ಎದುರಿನಲ್ಲಿ ಅವನು ತನ್ನ ಹೆಸರನ್ನು ಹೇಳುತ್ತಿದ್ದನೇ ಎಂದು ಈಗಲೂ ಯೋಚಿಸುತ್ತೇನೆ.