ಹೊಸ ಟಿವಿಯಲ್ಲಿ ಹಳೇ ಪಿಎಸ್‌2 ಮಸುಕಾ? ಕೇಬಲ್ ನೋಡಿ

ಅಣ್ಣನ ಪಿಎಸ್‌2 ಅನ್ನು ಹೊಸ ಟಿವಿಗೆ ಹಾಕಿದ್ರೆ ಸ್ಕೋರ್ ಕೂಡ ಓದೋಕಾಗ್ತಿರಲಿಲ್ಲ. 'ಗುಜರಿಗೆ ಹಾಕು' ಅಂದ್ರು ಅಮ್ಮ. ತಪ್ಪು ಹಳದಿ ಪಿನ್ನಿನದು. ಬಣ್ಣ, ಬೆಳಕು ಎರಡೂ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ಟಿವಿ ಬೇರ್ಪಡಿಸುವಾಗ ಅಂಚುಗಳು ಕಲಸಿಹೋಗುತ್ತವೆ. ಕಾಂಪೊನೆಂಟ್ ಕೇಬಲ್‌ನಲ್ಲಿ ಚಿತ್ರಕ್ಕೇ ಹಸಿರು, ನೀಲಿ, ಕೆಂಪು ಮೂರು ತಂತಿ. ಆಡಿಯೊಗೆ ಇನ್ನೊಂದು ಕೆಂಪು ಇದೆ, ಅದಲುಬದಲು ಮಾಡಿ ನಾನು ಅರ್ಧ ಗಂಟೆ ಒದ್ದಾಡಿದೆ!

ಹಳದಿ ಪಿನ್ ಇರುವಾಗಲೇ ಸಿಸ್ಟಮ್ ಕಾನ್ಫಿಗರೇಶನ್‌ನಲ್ಲಿ ಕಾಂಪೊನೆಂಟ್ ವಿಡಿಯೊ ಔಟ್ ಅನ್ನು ಆರ್‌ಜಿಬಿಯಿಂದ ಬದಲಿಸಿಬಿಡಿ. ಇಲ್ಲಾಂದ್ರೆ ಬಣ್ಣ ಕೆಟ್ಟು ಬರುತ್ತೆ. ಟಿವಿಯಲ್ಲಿ ಆ ಪೋರ್ಟೇ ಇಲ್ವಾ? ಕಾಂಪೊನೆಂಟ್‌ನಿಂದ ಎಚ್‌ಡಿಎಂಐಗೆ ಬದಲಿಸೋ ಕನ್ವರ್ಟರ್ ತಗೊಳ್ಳಿ. ಹಳದಿ ಪಿನ್ ಚುಚ್ಚೋ ಅಗ್ಗದ ಡಬ್ಬಿ ಬೇಡ, ಕಲಸಿದ್ದನ್ನೇ ದೊಡ್ಡದು ಮಾಡಿ ತೋರಿಸುತ್ತೆ.

ಅಣ್ಣ ದೀಪಾವಳಿಗೆ ಬರ್ತಿದ್ದಾನೆ. ಮೆಮರಿ ಕಾರ್ಡ್‌ನಲ್ಲಿ ಅವನ ಸೇವ್ ಇನ್ನೂ ಹಾಗೇ ಇದೆ.